ನಾಚಿಕೆಗೆ ಮೂರು ಭಾಷೆ, ರೋಗಕ್ಕೆ ಒಂದೇ ಮಾತು

ಅಕ್ಕಲಕೋಟೆ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ಸೊಲ್ಲಾಪುರದ ಪದ್ಮಶಾಲಿ ನೇಕಾರರ ಓಣಿಗೆ ಹೋದರೆ ತೆಲುಗು. ನಾನು ಕನ್ನಡ, ತೆಲುಗು ಎರಡರಲ್ಲೂ ಪದ್ಯ ಕಟ್ಟುವ ರೈತ. ಆದರೂ ನಮ್ಮ ಅಕ್ಕನ ಸೊಸೆಯ ರೋಗಕ್ಕೆ ನನ್ನಲ್ಲಿ ಮಾತಿರಲಿಲ್ಲ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಚೊಚ್ಚಲ ಹೆರಿಗೆ ಬಹಳ ತ್ರಾಸಿನದಾಗಿತ್ತು, ಹೊಲಿಗೆ ಹಾಕಿದ್ದರು. ಆಮೇಲೆ ಅವಳು ಮದುವೆ, ಜಾತ್ರೆಗೆ ಬರುವುದನ್ನೇ ಬಿಟ್ಟಳು. ದವಾಖಾನೆಗೆ ಹೋದಾಗಲೆಲ್ಲ ‘ಬಿಳಿ ಸೆರಗು’ ಎಂದಷ್ಟೇ ಹೇಳಿ ಗುಳಿಗೆ ತಂದಳು. ಎರಡು ವರ್ಷದ ಮೇಲೆ ನನ್ನ ಹೆಂಡತಿಯ ಕಿವಿಯಲ್ಲಿ ಅಂದಳು: “ಅತ್ತಿ, ಹಿಂದಿಂದು ಮುಂದಿನ ದಾರಿಲೆ ಬರ್ತದ.”

ಸೊಲ್ಲಾಪುರದಲ್ಲಿ ಡಾಕ್ಟರಬಾಯಿಗೆ ಇದೇ ಮಾತನ್ನು ಮರಾಠಿಯಲ್ಲಿ ಹೇಳಿದೆವು. ಅರ್ಧ ರೋಗ ಅಲ್ಲಿಯೇ ಗೊತ್ತಾಯಿತು. ಕರುಳಿಗೂ ಯೋನಿಗೂ ನಡುವೆ ಇರಬಾರದ ತೂತು. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಗಾಳಿಯೋ ಮಲವೋ ಯೋನಿಯಿಂದ ಬರುವುದೇ ಅದರ ಗುರುತು.

ಡಾಕ್ಟರು ಮೊದಲು ಕೈಯಿಂದ, ಕಣ್ಣಿನಿಂದ ಪರೀಕ್ಷಿಸುತ್ತಾರೆ. ತೂತು ಸಣ್ಣದಿದ್ದು ಕಾಣದಿದ್ದರೆ ಯೋನಿಯಲ್ಲಿ ಹತ್ತಿ ಇಟ್ಟು, ಗುದದ್ವಾರದಿಂದ ನೀಲಿ ಬಣ್ಣದ ನೀರು ಬಿಡುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಹತ್ತಿ ನೀಲಿಯಾದರೆ ದಾರಿ ಇದೆ ಎಂದರ್ಥ. ನಾವು ಕಾಲುವೆ ಎಲ್ಲಿ ಸೋರುತ್ತದೆಂದು ನೋಡುವ ಹಾಗೆಯೇ. ತೂತು ಮೇಲೆ, ದೊಡ್ಡ ಕರುಳಿನಲ್ಲಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಬೇಕಾಗಬಹುದು. ಮಲ ತಡೆಯುವ ಸ್ನಾಯು ಹರಿದಿದೆಯೋ ಎಂದೂ ನೋಡುತ್ತಾರೆ.

ಹೆರಿಗೆಯೊಂದೇ ಕಾರಣವಲ್ಲ. ಕರುಳಿನ ಹಳೆಯ ಉರಿಯೂತ, ಕ್ಷಯ, ಕ್ಯಾನ್ಸರ್ ಕೂಡ ಇರಬಹುದು. ಗರ್ಭಕೊರಳಿನ ಕ್ಯಾನ್ಸರಿಗೆ ಕರೆಂಟು ಕೊಡಿಸಿಕೊಂಡವರಿಗೆ ವರ್ಷಗಳ ಮೇಲೂ ಆಗುವುದುಂಟು. ಇಂಥವರಿಗೆ ಕ್ಯಾನ್ಸರ್ ಮರಳಿದೆಯೋ ಎಂದು ತುಣುಕು ತೆಗೆದು ಪರೀಕ್ಷಿಸುವುದು ಅಗತ್ಯ. ನಮ್ಮ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆ ಇದೆ. ಸೊಲ್ಲಾಪುರದ ಸರ್ಕಾರಿ ವೈದ್ಯಕೀಯ ಕಾಲೇಜು 1963ರಿಂದ ಇದೆ. ದೂರವೇನಲ್ಲ.

ನೀಲಿಯಾದ ಹತ್ತಿ ನಮ್ಮ ಹುಡುಗಿಯ ಅನುಮಾನ ಹರಿಸಿತು. ಬಾವು ಇಳಿಯುವ ತನಕ ಕಾಯಿಸಿ ಆಪರೇಶನ್ ಮಾಡಿದರು. ಈಗ ಪಂಕ್ತಿಯಲ್ಲಿ ಕೂತು ಉಣ್ಣುತ್ತಾಳೆ.

ಕನ್ನಡದಲ್ಲಿ ನಾಚಿಕೆ, ತೆಲುಗಿನಲ್ಲಿ ಸಿಗ್ಗು, ಮರಾಠಿಯಲ್ಲಿ ಲಾಜ್. ಮೂರನ್ನೂ ದವಾಖಾನೆಯ ಬಾಗಿಲ ಹೊರಗೆ ಬಿಡಿ. ಹೆಣ್ಣುಮಗಳೊಬ್ಬಳು ನಾಲ್ಕು ಜನರ ನಡುವೆ ಕೂಡ್ರುವುದನ್ನು ಬಿಟ್ಟಿದ್ದರೆ, ಮನೆಯ ಹಿರಿಯ ಹೆಂಗಸರು ಮೆಲ್ಲಗೆ ಕೇಳಿರಿ. ಅವಳು ಅಂದದ್ದನ್ನು ಅಂದಂತೆಯೇ ಡಾಕ್ಟರಿಗೆ ಮುಟ್ಟಿಸಿರಿ.