ಹಾವು ಹುಡುಕಲು ಕಣ್ಣು ಸಾಕು, ಕೈ ಬೇಡ

ಮುಂಗಾರಿನ ಮೊದಲ ಮಳೆ ಬಿದ್ದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ ಸೀಮೆಯ ಕಲ್ಲುಗುಡ್ಡ, ಹೊಲದ ಬದುಗಳಲ್ಲಿ ಹಾವು, ಓತಿಕ್ಯಾತಗಳ ಓಡಾಟ ಹೆಚ್ಚುತ್ತದೆ. ಗೆಳೆಯರೆಲ್ಲ ಸೇರಿ ಬ್ಯಾಟರಿ ಹಿಡಿದು ಅವನ್ನು ನೋಡಲು ಹೊರಡುವುದು ಒಳ್ಳೆಯ ಹವ್ಯಾಸವೇ. ಆದರೆ ಕೆಲವು ನಂಬಿಕೆಗಳನ್ನು ಊರಲ್ಲೇ ಬಿಟ್ಟು ಹೋಗಬೇಕು.

ತಪ್ಪು ಕಲ್ಪನೆ: ಹಾವು ಹಿಡಿದು ತೋರಿಸುವವನೇ ಹಾವು ಬಲ್ಲವನು.
ವಾಸ್ತವ: ಒಣ ಎಲೆಗಳ ನಡುವೆ ಅಲುಗಾಡದೆ ಮಲಗಿದ ಕೊಳಕುಮಂಡಲದ ಬೆನ್ನಿನ ಮಚ್ಚೆಗಳನ್ನು ದೂರದಿಂದಲೇ ಗುರುತಿಸಿ ಅಲ್ಲೇ ನಿಲ್ಲುವವನು ಬಲ್ಲವನು. ಕುತ್ತಿಗೆ ಹಿಡಿದು ಫೋಟೊ ತೆಗೆಸಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೇರೆಹಾವು, ಉಡಕ್ಕೂ ಇದೇ ಕಾಯ್ದೆಯ ರಕ್ಷಣೆಯಿದೆ.

ತಪ್ಪು ಕಲ್ಪನೆ: ಗೇಣುದ್ದದ ಹಾವು ಏನು ಮಾಡೀತು?
ವಾಸ್ತವ: ಗರಗಸ ಮಂಡಲ ಒಂದೂವರೆ ಅಡಿ ಮೀರುವುದೇ ಅಪರೂಪ. ಹಗಲೆಲ್ಲ ಕಲ್ಲಿನಡಿ ಇದ್ದು ರಾತ್ರಿ ಹೊರಬರುತ್ತದೆ. ಕೆಣಕಿದರೆ ಮೈ ಮಡಚಿ, ಪಕ್ಕೆಯ ಒರಟು ಹುರುಪೆಗಳನ್ನು ಒಂದಕ್ಕೊಂದು ತಿಕ್ಕುತ್ತದೆ. ಮರಕ್ಕೆ ಗರಗಸ ಎಳೆದಂಥ ಸದ್ದು ಏಳುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಮೆಲ್ಲಗೆ ಹಿಂದೆ ಸರಿಯಿರಿ. ದೇಶದಲ್ಲಿ ಹೆಚ್ಚು ಜೀವ ತೆಗೆಯುವ ನಾಲ್ಕು ಹಾವುಗಳಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲದ ಜೊತೆ ಇದೂ ಸೇರಿದೆ. ಇದರ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಕಂಡ ಕಲ್ಲನ್ನೆಲ್ಲ ಎತ್ತಿ ನೋಡುವ ಚಟ ಬೇಡವೆನ್ನುವುದು ಇದಕ್ಕೇ. ಕಲ್ಲು ಕದಲಿಸಿ ಹೋದರೆ ಅದರಡಿಯ ತಂಪನ್ನೇ ನಂಬಿದ ಹಲ್ಲಿ, ಚೇಳುಗಳೂ ನೆಲೆ ಕಳೆದುಕೊಳ್ಳುತ್ತವೆ.

ತಪ್ಪು ಕಲ್ಪನೆ: ಮಣ್ಣುಮುಕ್ಕ ಹಾವಿಗೆ ಎರಡು ತಲೆ, ಮನೆಯಲ್ಲಿದ್ದರೆ ಐಶ್ವರ್ಯ.
ವಾಸ್ತವ: ಎರಡನೆಯದು ಮೊಂಡು ಬಾಲ, ಅಷ್ಟೆ. ಲಕ್ಷಗಟ್ಟಲೆ ಬೆಲೆಯ ಆಸೆ ಹುಟ್ಟಿಸುವುದು ಶುದ್ಧ ಮೋಸ. ಆ ಮೋಸಕ್ಕೆ ಇಲಿ ತಿಂದು ರೈತನಿಗೆ ನೆರವಾಗುವ ಪಾಪದ ಹಾವು ಬಲಿಯಾಗುತ್ತಿದೆ.

ತಪ್ಪು ಕಲ್ಪನೆ: ಬಂಡೆಯ ಮೇಲೆ ತಲೆ ಆಡಿಸುವ ಓತಿಕ್ಯಾತ ವಿಷದ್ದು.
ವಾಸ್ತವ: ಅದಕ್ಕೆ ವಿಷವೇ ಇಲ್ಲ. ಗಂಡು ಬೆದೆಗಾಲದಲ್ಲಿ ಹೆಣ್ಣನ್ನು ಒಲಿಸಲು, ಎದುರಾಳಿಯನ್ನು ಬೆದರಿಸಲು ಬಣ್ಣ ಬದಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಅಧ್ಯಯನ ಮಾಡಿದ್ದಾರೆ. ಮಕ್ಕಳ ಕೈಯಿಂದ ಕಲ್ಲು ಬಿಡಿಸಿ ಈ ಬಣ್ಣದಾಟ ತೋರಿಸಿ.

ತಪ್ಪು ಕಲ್ಪನೆ: ಗಾಯ ಕಾಣದಿದ್ದರೆ ಹಾವು ಕಚ್ಚಿಲ್ಲ.
ವಾಸ್ತವ: ಕಟ್ಟುಹಾವು ಕಚ್ಚಿದ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ, ನೋವೂ ಕಡಿಮೆ. ಬಯಲಲ್ಲಿ ಚಾಪೆ ಹಾಸಿ ಮಲಗಿದವನಿಗೆ ನಸುಕಿನಲ್ಲಿ ಹೊಟ್ಟೆನೋವು ಬಂದು ಕಣ್ಣುರೆಪ್ಪೆ ಜೋಲತೊಡಗಿದರೆ ಬೆಳಗಾಗಲೆಂದು ಕಾಯಬೇಡಿ. ಇಂಥ ಪ್ರವಾಸದಲ್ಲಿ ಸೊಳ್ಳೆಪರದೆಯನ್ನು ಹಾಸಿಗೆಯಡಿ ಮಡಚಿಯೇ ಮಲಗಬೇಕು.

ತಪ್ಪು ಕಲ್ಪನೆ: ಕಚ್ಚಿದ ಹಾವನ್ನು ಹಿಡಿದು ತಂದರೇ ಮದ್ದು ಕೊಡಲು ಸಾಧ್ಯ.
ವಾಸ್ತವ: ಹೆಚ್ಚು ಜೀವ ತೆಗೆಯುವ ಆ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಚುಚ್ಚುಮದ್ದು. ಹಾವಿನ ಬೆನ್ನು ಹತ್ತಿದರೆ ಇನ್ನೊಬ್ಬನಿಗೂ ಕಚ್ಚೀತು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ದೇಶದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆಂದು ಅಂದಾಜು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಆದೇಶಿಸಿದೆ. ಗುಡ್ಡಕ್ಕೆ ಹೊರಡುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳಿ, ಈ ಚುಚ್ಚುಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ತಿಳಿದುಕೊಳ್ಳಿ. ಕಚ್ಚಿದರೆ ಆ ಕೈಕಾಲು ಅಲುಗಿಸದೆ ಮಲಗಿಸಿ, 108ಕ್ಕೆ ಕರೆ ಮಾಡಿ.