ಹಾಡಿನ ಕಂಪ್ಯೂಟರಿಗೆ ಲೀನಿಯರ್ ಪವರ್ ಸಪ್ಲೈ ಬೇಕೆ?

ಪ್ರಶ್ನೆ: ಹಾಡು ಕೇಳಲೆಂದೇ ಇಟ್ಟಿರುವ 12 ವೋಲ್ಟಿನ ಪುಟ್ಟ ಕಂಪ್ಯೂಟರಿಗೆ ಲೀನಿಯರ್ ಸಪ್ಲೈ ಕಟ್ಟಿದರೆ ಗುಂಯ್ ಸದ್ದು ಹೋಗುತ್ತದೆಯೇ? – ಓದುಗರು, ಹೊಸದುರ್ಗ

ಉತ್ತರ: ಆಸೆ ಸ್ವಲ್ಪ ಕಮ್ಮಿ ಇಟ್ಟುಕೊಳ್ಳಿ. ಅಡಾಪ್ಟರಿನೊಳಗಿನ ಎಸ್‌ಎಂಪಿಎಸ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿಯುತ್ತದೆ. ಲೀನಿಯರಿನಲ್ಲಿ ಆ ಗಲಾಟೆ ಇಲ್ಲ, ನಿಜ. ಆದರೆ ಕಂಪ್ಯೂಟರಿನ ಬೋರ್ಡೇ ಆ 12 ವೋಲ್ಟನ್ನು ಮತ್ತೆ ಹಾಗೇ ಕಡಿದು ಇಳಿಸಿಕೊಳ್ಳುತ್ತದಲ್ಲ!

ಕಟ್ಟಲು 15 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ದೊಡ್ಡ ಕೆಪಾಸಿಟರ್, ಎಲ್‌ಎಂ338 ರೆಗ್ಯುಲೇಟರ್ ಐಸಿ ಸಾಕು. 3 ಆಂಪಿಯರ್ ಎಳೆದರೆ ಆ ಐಸಿಯೊಂದೇ ಸುಮಾರು 20 ವ್ಯಾಟ್ ಶಾಖ ಕಕ್ಕುತ್ತದೆ. ಅಗಲವಾದ ಹೀಟ್‌ಸಿಂಕ್ ಬೇಕೇ ಬೇಕು. ಹೊಳಲ್ಕೆರೆ, ಹೊಸದುರ್ಗದ ತೋಟಗಳಲ್ಲಿ ಪಂಪ್‌ಸೆಟ್ಟುಗಳು ಶುರುವಾಗಿ 230 ವೋಲ್ಟ್ 180ಕ್ಕೆ ಕುಸಿದರೆ ಈ ಲೀನಿಯರ್ ಸಪ್ಲೈ ಕೈಕೊಡುತ್ತದೆ. ಸಾಮಾನ್ಯ ಅಡಾಪ್ಟರು 100 ವೋಲ್ಟಿಗೂ ಜಗ್ಗುವುದಿಲ್ಲ.

ಗುಂಯ್ ಸದ್ದು ಬಹುತೇಕ ಅರ್ಥಿಂಗಿನ ತಕರಾರು. ಮೊದಲು ಚಾರ್ಜರ್ ಕಿತ್ತ ಲ್ಯಾಪ್‌ಟಾಪನ್ನು ಅದೇ ಆಂಪ್ಲಿಫೈಯರಿಗೆ ಜೋಡಿಸಿ ಕೇಳಿ. ಆಗಲೂ ಸದ್ದಿದ್ದರೆ ಟ್ರಾನ್ಸ್‌ಫಾರ್ಮರಿಗೆ ದುಡ್ಡು ಹಾಕಬೇಡಿ.