ಇಎಸ್‌ಐ: ತಿಳಿಯಬೇಕಾದ ಮೂರು ಪದಗಳು

‘ಫಾದರ್, ಪ್ರತಿ ತಿಂಗಳೂ ಪಗಾರದಾಗ ಇಎಸ್‌ಐ ಅಂತ ರೊಕ್ಕ ಹಿಡೀತಾರ; ನಮಗೇನು ಸಿಗತೈತಿ?’ ಖಾಸಬಾಗದ ವಿದ್ಯುತ್ ಮಗ್ಗ ಕಾರ್ಖಾನೆಯೊಂದರ ಕಾರ್ಮಿಕರು ಹೀಗೆ ಕೇಳಿದರು. ಮೂರು ವಾರ ಜ್ವರದಿಂದ ಮಲಗಿದ್ದ ಅವರು ಮನೆ ನಡೆಸಲು ಬಡ್ಡಿಗೆ ಸಾಲ ತಂದಿದ್ದರು.

1948ರ ಕಾಯಿದೆಯಿಂದ ಆರಂಭವಾದ ಈ ವಿಮೆಯ ಮೊದಲ ಪದ ‘ವಂತಿಗೆ’. 2019ರ ಜುಲೈ ತಿಂಗಳಲ್ಲಿ ಜಾರಿಗೆ ಬಂದ ದರದಂತೆ ಸಂಬಳದ ನೂರಕ್ಕೆ 0.75 ಭಾಗ ಕಾರ್ಮಿಕರದು, 3.25 ಭಾಗ ಮಾಲೀಕರದು. ಹತ್ತು ಸಾವಿರ ರೂಪಾಯಿ ಸಂಬಳಕ್ಕೆ ನಮ್ಮದು 75 ರೂಪಾಯಿ, ಅವರದು 325.

ಎರಡನೆಯದು ‘ವೈದ್ಯಕೀಯ ಸೌಲಭ್ಯ’. ಇದು ಕಾರ್ಮಿಕರಿಗೂ ಅವರನ್ನೇ ಅವಲಂಬಿಸಿದ ಕುಟುಂಬಕ್ಕೂ ದೊರೆಯುವ ಚಿಕಿತ್ಸೆ.

ಮೂರನೆಯದು ‘ಅನಾರೋಗ್ಯ ಸೌಲಭ್ಯ’. ಇದು ಔಷಧವಲ್ಲ, ಹಣ. ಕಾಯಿಲೆಯಿಂದ ಕೆಲಸ ತಪ್ಪಿದ ದಿನಗಳಿಗೆ ಸಂಬಳದ ನೂರಕ್ಕೆ 70ರಷ್ಟು, ವರ್ಷಕ್ಕೆ ಗರಿಷ್ಠ 91 ದಿನ ದೊರೆಯುತ್ತದೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಇಎಸ್‌ಐ ವೈದ್ಯರ ಪ್ರಮಾಣಪತ್ರವೂ ಬೇಕು. ಈ ಒಂದು ಪದ ತಿಳಿದಿದ್ದರೆ ಆ ಸಹೋದರರ ಸಾಲದ ಭಾರ ಇಳಿಯುತ್ತಿತ್ತು.

ಅರ್ಥ ತಿಳಿಯದವನಿಗೆ ತನ್ನ ಹಕ್ಕೂ ಪರರ ದಾನದಂತೆ ತೋರುತ್ತದೆ. ಇದು ದಾನವಲ್ಲ, ದುಡಿಮೆಯ ಪಾಲು. ಈ ವಾರ ಮನೆಯವರೆಲ್ಲರೂ ಕೂಡಿ ಸಂಬಳದ ಚೀಟಿಯನ್ನು ಓದಿರಿ. ವಿಮಾ ದಾಖಲೆಯಲ್ಲಿ ಎಲ್ಲರ ಹೆಸರುಗಳಿವೆಯೇ ಎಂದು ನೋಡಿರಿ.